ನೆತ್ತಿಗೆ ಹತ್ತುವುದು, ಗಂಟಲು ಕಟ್ಟುವುದು: ಚೋಕಿಂಗ್‌ಗೆ ನಿಮ್ಮನೆಯಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಉಸಿರೇ ಆಡದ ಹಾಗೆ ಆಗುತ್ತಲ್ಲ, ಡಾಕ್ಟರುಗಳು ಚೋಕಿಂಗ್ ಅಂತಾರೆ, ಅದಕ್ಕೆ ನಿಮ್ಮ ಕಡೆ ಏನು ಹೇಳ್ತೀರಿ?

ನಾನು ಕೋಲಾರದ ಹತ್ತಿರ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ 150 ಕೆಲಸಗಾರರಿಗೆ ಒಂದಾದರೂ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ಅದರ ಹೊಣೆ ಹೊತ್ತವರು ತರಬೇತಿ ಪಡೆದಿರಬೇಕು ಅಂತ ಇತ್ತು. ನಮ್ಮ ಪೆಟ್ಟಿಗೆ ನನ್ನ ಮೇಜಿನ ಪಕ್ಕದ ಗೋಡೆಯಲ್ಲೇ ಇರುವುದರಿಂದ ಹೋದ ವಾರದ ತರಬೇತಿಗೆ ನನ್ನ ಹೆಸರೂ ಸೇರಿತು. ಎರಡು ದಿನ ಕ್ಯಾಂಟೀನಿನಲ್ಲೇ ನಡೆಯಿತು. ಮೇಜಿನ ಮೇಲೆ ಸೊಂಟದವರೆಗೆ ಮಾತ್ರ ಇರುವ ಒಂದು ರಬ್ಬರ್ ಗೊಂಬೆ, ನಮ್ಮ ಕೈಯಲ್ಲಿ ಒಂದು ಕನ್ನಡ ಹಾಳೆ.

ಆ ಹಾಳೆಯಲ್ಲಿ ಚೋಕಿಂಗ್‌ಗೆ "ಗಂಟಲು ಕಟ್ಟುವಿಕೆ" ಅಂತ ಹಾಕಿದ್ದರು! ಓದಿದ ತಕ್ಷಣ ಪಕ್ಕದವನು "ಇದಕ್ಕೆ ಬಿಸಿನೀರು ಉಪ್ಪು ಸಾಕಲ್ವಾ" ಅಂದ. ಅವನದೇನು ತಪ್ಪು? ಮೂಗು ಕಟ್ಟಿದೆ ಅಂದರೆ ಗಾಳಿ ಹೋಗುತ್ತಿಲ್ಲ ಅಂತ ಅರ್ಥ, ಕಿವಿ ಕಟ್ಟಿದೆ ಅಂದರೆ ಸದ್ದು ಕೇಳುತ್ತಿಲ್ಲ ಅಂತ, ಆ ಲೆಕ್ಕದಲ್ಲಿ ಗಂಟಲು ಕಟ್ಟಿದೆ ಅಂದರೆ ಗಂಟಲು ಮುಚ್ಚಿಕೊಂಡಿದೆ ಅಂತ ಆಗಬೇಕು. ಆದರೆ ಹಾಗಾಗಿಲ್ಲ. ಜಾತ್ರೆಯಲ್ಲಿ ಕೂಗಿ ಕೂಗಿ ದನಿ ಹೋದರೆ ಗಂಟಲು ಕಟ್ಟಿತು ಅಂತೀವಿ. ಅಳು ಬಂದರೆ ಗಂಟಲು ಬಿಗಿಯುತ್ತೆ. ಸಾಯುವ ಹಂತಕ್ಕೆ ಹೋದವನಿಗೆ ಮಾತ್ರ ಈ ಸಾಲಿನಲ್ಲಿ ಪದ ಇಲ್ಲ.

ಇನ್ನೊಂದು, ಎಲ್ಲರ ಬಾಯಲ್ಲೂ ಇರುವುದು, ನೆತ್ತಿಗೆ ಹತ್ತುವುದು. ನನಗೆ ತಲೆ ಕೆಟ್ಟಿದ್ದು ಇಲ್ಲೇ. ಟ್ರೇನರ್ ಮುಳಬಾಗಿಲು ಕಡೆಯ ಹುಡುಗನೊಬ್ಬನನ್ನು ಕರೆದು, "ಇವರಿಗೆ ಊಟ ಗಂಟಲಲ್ಲಿ ಸಿಕ್ಕಿಕೊಂಡಿದೆ, ಏನು ಮಾಡ್ತೀಯ" ಅಂತ ಗೊಂಬೆ ತೋರಿಸಿದರು. ಅವನು "ಓ, ನೆತ್ತಿಗೆ ಹತ್ತಿದೆಯಾ" ಅಂದವನೇ ಗೊಂಬೆಯ ತಲೆ ಮೇಲೆ ಪಟಪಟ ತಟ್ಟಿದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಸುಮ್ಮನಾದೆ. ಯಾಕೆಂದರೆ ನಮ್ಮಜ್ಜಿ ಮಾಡುತ್ತಿದ್ದದ್ದೂ ಅದನ್ನೇ. ಖಾರದ ಸಾರು ಮೂಗಿಗೆ ಏರಿ ತಲೆಯೊಳಗೆ ಚುರ್ ಅನ್ನುತ್ತಲ್ಲ, ಬಹುಶಃ ಈ ಮಾತು ಹುಟ್ಟಿದ್ದೇ ಅಲ್ಲಿಂದ. ಮಾತು ನೆತ್ತಿ ಅನ್ನುತ್ತೆ, ಕೈ ನೆತ್ತಿಗೇ ಹೋಗುತ್ತೆ, ಜೊತೆಗೆ ಯಾರೋ ನೆನೆಸಿಕೊಂಡಿದ್ದಾರೆ ಅಂತ ಒಂದು ಮಾತು, ಒಂದು ಲೋಟ ನೀರು. ಅಡ್ಡ ಸಿಕ್ಕಿರುವುದು ಉಸಿರಿನ ಕೊಳವೆಯಲ್ಲಿ, ತಲೆ ತಟ್ಟಿದರೆ ಏನೂ ಬರಲ್ಲ, ನೀರಂತೂ ಕೊಡಲೇಬಾರದು ಅಂತ ಟ್ರೇನರ್ ಹೇಳಿದರು.

ಅವರು ಹೇಳಿದ ಗುರುತು ಸುಲಭ. ಕೆಮ್ಮುತ್ತಿದ್ದಾನೆ, ಸದ್ದು ಬರುತ್ತಿದೆ ಅಂದರೆ ಕೆಮ್ಮಲು ಬಿಡಿ. ಸದ್ದು ನಿಂತು, ಕೈ ಗಂಟಲಿಗೆ ಹೋಗಿ, ತುಟಿ ನೀಲಿ ತಿರುಗುತ್ತಿದ್ದರೆ ಆಗ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬಿನ ನಡುವೆ ಐದು ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗುವುದು. ಈ ಹೊಟ್ಟೆಯ ವಿದ್ಯೆ ಹೈಮ್ಲಿಕ್ ಅನ್ನುವ ಅಮೆರಿಕದ ಸರ್ಜನ್ 1974ರಲ್ಲಿ ಬರೆದದ್ದು. ಒಂದು ವರ್ಷದೊಳಗಿನ ಮಗುವಿಗೂ ಗರ್ಭಿಣಿಗೂ ಹೊಟ್ಟೆ ಮುಟ್ಟುವ ಹಾಗಿಲ್ಲ. ಎಚ್ಚರ ತಪ್ಪಿದರೆ 108ಕ್ಕೆ ಫೋನು, ಎದೆ ಅದುಮುವುದು.

ಅಂದರೆ ನನಗೆ ಬೇಕಿರುವುದು ಎರಡು ಪದ. ಸದ್ದಿರುವ ಸ್ಥಿತಿಗೆ ನೆತ್ತಿಗೆ ಹತ್ತುವುದು ಅನ್ನುವುದೇ ಇರಲಿ, ಚೆನ್ನಾಗಿದೆ. ಸದ್ದು ನಿಂತದ್ದಕ್ಕೆ? ಉಸಿರುಗಟ್ಟುವುದು ತೀರಾ ಅಗಲವಾಯಿತು. ಹೊಗೆಗೂ ಅದೇ, ತುಂಬಿದ ಬಸ್ಸಿಗೂ ಅದೇ, ಅತ್ತೆ ಮನೆಗೂ ಅದೇ. ಶ್ರೀನಿವಾಸಪುರದ ಕಡೆಯ ನಮ್ಮ ತೆಲುಗು ಮನೆಮಾತಿನವರನ್ನು ಕೇಳಿದೆ. ಅವರಲ್ಲಿ ಎರಡೂ ಬೇರೆ ಬೇರೆ. ಕೆಮ್ಮು ಬಂದರೆ ಪೊಲಮಾರಿಂದಿ, ಸಿಕ್ಕಿಕೊಂಡರೆ ಗೊಂತುಕು ಅಡ್ಡಂ ಪಡಿಂದಿ. ನಮ್ಮಜ್ಜಿಯೂ "ಮುದ್ದೆ ಗಂಟಲಿಗೆ ಅಡ್ಡ ಬಿತ್ತು" ಅನ್ನುತ್ತಿದ್ದರು, ಮುದ್ದೆ ಅಗಿಯದೆ ನುಂಗುವ ಊರಲ್ಲವೇ ನಮ್ಮದು. ಅದು ತೆಲುಗಿನಿಂದ ಬಂತೋ, ನಮ್ಮದೇನೋ, ಏನಾದರಾಗಲಿ, ನನಗೆ "ಗಂಟಲಡ್ಡ" ಹಿಡಿಸಿದೆ. ಕೇಳಿದ ತಕ್ಷಣ ಏನೋ ಅಡ್ಡ ಇದೆ, ತೆಗೆಯಬೇಕು ಅಂತ ಗೊತ್ತಾಗುತ್ತೆ. ಬಳ್ಳಾರಿ, ಧಾರವಾಡ, ಮಂಗಳೂರು ಕಡೆಯವರು ಏನಂತೀರಿ?

ಇನ್ನೆರಡು ಸಣ್ಣವು. ಹಾಳೆಯಲ್ಲಿ "ಬೆನ್ನು ತಟ್ಟಿ" ಅಂತಿತ್ತು. ಎಲ್ಲರೂ ಗೊಂಬೆಯನ್ನು ಶಹಬ್ಬಾಸ್ ಅನ್ನುವ ಹಾಗೆ ತಟ್ಟಿದರು, ಟ್ರೇನರ್ "ಜೋರಾಗಿ, ಜೋರಾಗಿ" ಅಂತ ಕೂಗಬೇಕಾಯಿತು. ಗುದ್ದಿ ಅಂದರೆ ಮುಷ್ಟಿ ಬರುತ್ತೆ, ಅದೂ ಬೇಡ. ಬಡಿಯಿರಿ ಅಂದರೆ ಸರಿಹೋಗುತ್ತಾ? ಎರಡನೆಯದು, ಹೊಡೆಯಬೇಕಾದ್ದು ಅಂಗೈಯ ಮಣಿಕಟ್ಟಿನ ಕಡೆಯ ದಪ್ಪ ಭಾಗದಿಂದ. ಹಾಳೆಯಲ್ಲಿ "ಕೈಯ ಹಿಮ್ಮಡಿ" ಅಂತ ಹಾಕಿದ್ದಾರೆ. ಒಬ್ಬ ನಿಜಕ್ಕೂ ಕಾಲು ನೋಡಿಕೊಂಡ. ನಾನು ಸದ್ಯಕ್ಕೆ "ಅಂಗೈ ಬುಡ" ಅಂತ ಪೆನ್ನಿನಲ್ಲಿ ತಿದ್ದಿದ್ದೇನೆ.

ಸೋಮವಾರ ಈ ಹಾಳೆ ದೊಡ್ಡದಾಗಿ ಪ್ರಿಂಟಾಗಿ ಕ್ಯಾಂಟೀನಿನ ಕೈ ತೊಳೆಯುವ ಜಾಗದ ಮೇಲೆ ಬರುತ್ತೆ, ತಿದ್ದಿ ಕೊಡು ಅಂತ ನನಗೇ ಒಪ್ಪಿಸಿದ್ದಾರೆ. ಅಷ್ಟರೊಳಗೆ ಹೇಳಿದರೆ ಉಪಕಾರ.