ಸಹಾಯ ಬೇಕು: ಎಲ್1 ರಿಪೋರ್ಟರ್ ಪ್ಲಾಸ್ಮಿಡ್ ಹಾಕಿದರೆ ಹಸಿರು ಸೆಲ್‌ಗಳು ತೀರಾ ಕಡಿಮೆ

ಎಲ್ಲರಿಗೂ ನಮಸ್ಕಾರ. ಹೀಲಾ ಸೆಲ್‌ಗಳಲ್ಲಿ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಸೆಲ್) ಎಲ್1 ರೆಟ್ರೊಟ್ರಾನ್ಸ್‌ಪೋಸಾನ್, ಅಂದರೆ ಆರ್‌ಎನ್‌ಎ ಮೂಲಕ ತನ್ನ ನಕಲನ್ನು ಜೀನೋಮ್‌ನ ಬೇರೆಡೆ ಸೇರಿಸುವ ಡಿಎನ್‌ಎ ತುಣುಕು, ಎಷ್ಟು ಜಿಗಿಯುತ್ತದೆ ಎಂದು ಅಳೆಯುತ್ತಿದ್ದೇವೆ. ಎಲ್1 ಹೊತ್ತ ಪ್ಲಾಸ್ಮಿಡ್ (ಉಂಗುರಾಕಾರದ ಡಿಎನ್‌ಎ) ಸುಮಾರು 18 ಕಿಲೋಬೇಸ್, ಸೆಲ್ ಕೊಲ್ಲುವ ಪ್ಯೂರೊಮೈಸಿನ್ ಅನ್ನು ತಡೆದುಕೊಳ್ಳುವ ಜೀನ್ ಇದೆ. ಇಜಿಎಫ್‌ಪಿ (ಹಸಿರು ಹೊಳೆಯುವ ಪ್ರೋಟೀನಿನ ಜೀನ್) ಎಲ್1ಗೆ ಎದುರು ದಿಕ್ಕಿನಲ್ಲಿದೆ. ಅದರೊಳಗಿನ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ಹೋಗುವ ಭಾಗ) ಮಾತ್ರ ಎಲ್1ನ ದಿಕ್ಕಿನಲ್ಲೇ. ಆರ್‌ಎನ್‌ಎ ಸ್ಪ್ಲೈಸ್ ಆಗಿ (ಇಂಟ್ರಾನ್ ಕಳಚಿ), ಮತ್ತೆ ಡಿಎನ್‌ಎ ಆಗಿ ಜೀನೋಮ್ ಸೇರಿದರಷ್ಟೇ ಸೆಲ್ ಹಸಿರಾಗಬೇಕು.

6 ವೆಲ್ ಪ್ಲೇಟ್, ವೆಲ್‌ಗೆ 2 ಲಕ್ಷ ಸೆಲ್, 1 ಮೈಕ್ರೋಗ್ರಾಂ ಪ್ಲಾಸ್ಮಿಡ್, 3 ಮೈಕ್ರೋಲೀಟರ್ ಲಿಪಿಡ್ ರಿಯೇಜೆಂಟ್. 48 ಗಂಟೆ ಬಿಟ್ಟು ಪ್ಯೂರೊಮೈಸಿನ್, ಮಿಲಿಲೀಟರಿಗೆ 1 ಮೈಕ್ರೋಗ್ರಾಂ. 7ನೇ ದಿನ ಫ್ಲೋ ಸೈಟೊಮೆಟ್ರಿಯಲ್ಲಿ (ಸೆಲ್‌ಗಳನ್ನು ಒಂದೊಂದಾಗಿ ಎಣಿಸುವ ವಿಧಾನ) ಸಿಕ್ಕ ಹಸಿರು ಸೆಲ್ ಬರೀ 0.2%. ಓಆರ್‌ಎಫ್1 (ಎಲ್1 ಜಿಗಿಯಲು ಬೇಕಾದ ಭಾಗ) ಕೆಡಿಸಿದ ಜೆಎಂ111 ಎಂಬ ಕಂಟ್ರೋಲ್ ಪ್ಲಾಸ್ಮಿಡ್‌ನಲ್ಲಿ ಏನೂ ಇಲ್ಲ, ಹಾಗಾಗಿ ಸಿಗ್ನಲ್ ನಿಜವಾದದ್ದೇ.

ಮಾಮೂಲಿ ಇಜಿಎಫ್‌ಪಿ ಪ್ಲಾಸ್ಮಿಡ್ 60% ಹಸಿರು ಕೊಡುತ್ತದೆ. ಆದರೆ ಅದು 4.7 ಕಿಲೋಬೇಸ್, ಒಂದೇ ತೂಕದಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು ಅಣುಗಳು. ಅದನ್ನು ನಂಬಿ ಟ್ರಾನ್ಸ್‌ಫೆಕ್ಷನ್ (ಸೆಲ್‌ಗೆ ಪ್ಲಾಸ್ಮಿಡ್ ಸೇರಿಸುವುದು) ಚೆನ್ನಾಗಿದೆ ಎನ್ನಲಾಗದು. ಜೆಲ್‌ನಲ್ಲಿ ನಮ್ಮ ಪ್ಲಾಸ್ಮಿಡ್ ಪ್ರೆಪ್‌ನ ಸೂಪರ್‌ಕಾಯಿಲ್ (ಬಿಗಿಯಾಗಿ ಸುತ್ತಿಕೊಂಡ, ಅಖಂಡ ಡಿಎನ್‌ಎ) ಪಟ್ಟಿಯ ಮೇಲೆ ನಿಕ್ ಆದ (ಒಂದು ಎಳೆ ತುಂಡಾದ) ಡಿಎನ್‌ಎಯ ದಪ್ಪ ಪಟ್ಟಿ ಕಾಣುತ್ತಿದೆ. ನನ್ನ ಮೊದಲ ಅನುಮಾನ ಅಲ್ಲೇ. ಇಂಟ್ರಾನ್‌ನ ಎರಡೂ ಬದಿಯ ಪ್ರೈಮರ್‌ಗಳಿಂದ ಪಿಸಿಆರ್ ಮಾಡಿದರೆ ಇಂಟ್ರಾನ್ ಇರುವ ಉದ್ದದ ಪಟ್ಟಿ ಉಜ್ವಲ, ಇಂಟ್ರಾನ್ ಹೋಗಿ ಸುಮಾರು 900 ಬೇಸ್ ಚಿಕ್ಕದಾದದ್ದು ಮಸುಕು. ಉಳಿದ ಪ್ಲಾಸ್ಮಿಡ್ಡೇ ಪ್ರೈಮರ್ ನುಂಗುತ್ತಿರಬೇಕು.

ಹೀಲಾದ ಎಲ್ಲ ತಳಿಗಳಲ್ಲೂ ಎಲ್1 ಒಂದೇ ರೀತಿ ಜಿಗಿಯುವುದಿಲ್ಲ ಎಂಬುದು ಗೊತ್ತು. ತಳಿ ಬದಲಿಸುವ ಮುನ್ನ ಕೇಳುತ್ತಿದ್ದೇನೆ: ಇಷ್ಟು ದೊಡ್ಡ ಪ್ಲಾಸ್ಮಿಡ್ ಅನ್ನು ನಿಕ್ ಆಗದಂತೆ ಹೇಗೆ ತೆಗೆಯುತ್ತೀರಿ, ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾವನ್ನು 37 ಡಿಗ್ರಿಯ ಬದಲು 30ರಲ್ಲಿ ಬೆಳೆಸುತ್ತೀರಾ? ಸೇರಿದ ಇಜಿಎಫ್‌ಪಿ ಮೌನವಾಗಿದೆಯೇ ಎಂದು ತಿಳಿಯಲು ಹೀಲಾದಲ್ಲಿ ಟ್ರೈಕೊಸ್ಟಾಟಿನ್ ಎ (ಮೌನವಾದ ಜೀನ್‌ಗಳನ್ನು ಎಚ್ಚರಿಸಬಲ್ಲ ರಾಸಾಯನಿಕ) ಕೊಟ್ಟು ನೋಡಿದವರಿದ್ದರೆ ಪ್ರಮಾಣ, ಅವಧಿ ದಯವಿಟ್ಟು ತಿಳಿಸಿ.