ಈ ವಾರದ ಆಲ್ಬಂ ಮತ್ತು ದೊಡ್ಡಪ್ಪನ ತಕರಾರು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಬ್ಬರು ಒಂದು ಆಲ್ಬಂ ಸೂಚಿಸುವುದು, ಉಳಿದವರು ಕೇಳಿ ಅನಿಸಿದ್ದನ್ನು ಬರೆಯುವುದು ವಾಡಿಕೆ. ಈ ಸಲದ ಸರದಿ ನನ್ನದಾಗಿತ್ತು. ಚರ್ಚೆ ಎರಡು ದಿನ ನಡೆಯಿತು. ಹೆಸರುಗಳ ಬದಲು ನನ್ನ ಮೊಬೈಲಿನಲ್ಲಿ ಯಾರು ಹೇಗೆ ದಾಖಲಾಗಿದ್ದಾರೋ ಹಾಗೆಯೇ ಇಟ್ಟಿದ್ದೇನೆ.

ಶನಿವಾರ

ನಾನು: ಈ ವಾರ ‘ಕಿನ್ಸ್‌ಮೆನ್’. ಸ್ಯಾಕ್ಸೊಫೋನ್ ವಿದ್ವಾಂಸರಾದ ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ್ದು, 2008ರಲ್ಲಿ ಬಂದದ್ದು. ವಯಲಿನ್ ಎ. ಕನ್ಯಾಕುಮಾರಿ, ಮೃದಂಗ ಪೂವಲೂರು ಶ್ರೀಜಿ, ಗಿಟಾರ್ ರೆಝ್ ಅಬ್ಬಾಸಿ. ಕೊಂಡಿ ಮೇಲೆ ಹಾಕಿದ್ದೇನೆ. ದಯವಿಟ್ಟು ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಕೇಳಿ. ಮೊಬೈಲಿನ ಸ್ಪೀಕರ್ ಬೇಡ. ಅದರಲ್ಲಿ ಮೃದಂಗದ ಎಡಬದಿಯ ಗುಂಗುಡುವ ನಾದ, ಆ ಗುಮ್ಕಿಯೂ ಇಲ್ಲ, ಬಾಸ್ ಕೂಡ ಇಲ್ಲ.

ಭಾವ: ಬಸ್ಸಿನಲ್ಲಿ ಕೇಳುತ್ತೇನೆ. ಸುರತ್ಕಲ್‌ನಿಂದ ಹಂಪನಕಟ್ಟೆ ಮುಟ್ಟುವಾಗ ಎಷ್ಟು ಮುಗಿಯುತ್ತದೋ ಅಷ್ಟು.

ಮಣಿಪಾಲದ ತಂಗಿ: ಅಣ್ಣ, ನಾನು ಆಗಲೇ ಅರ್ಧ ಕೇಳಿದೆ. ಡ್ರಮ್ಸ್ ಮತ್ತು ಮೃದಂಗ ಒಟ್ಟಿಗೆ ಬಂದಾಗ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಉಳಿದದ್ದನ್ನು ರಾತ್ರಿ ಕೇಳಿ ಬರೆಯುತ್ತೇನೆ.

ದೊಡ್ಡಪ್ಪ: ನಾನೂ ಕೇಳಿದೆ. ಎರಡನೆಯ ತುಣುಕಿನ ನಡುವೆಯೇ ನಿಲ್ಲಿಸಿದೆ. ಇದು ಗೋಪಾಲನಾಥರ ಸಂಗೀತವಲ್ಲ. ಅವರ ನಾದವನ್ನು ಡ್ರಮ್ಸ್ ಗದ್ದಲದ ನಡುವೆ ತಡಕಾಡಿ ಹಿಡಿಯಬೇಕಾಗಿದೆ. ಸಜಿಪಮೂಡದಲ್ಲಿ ಹುಟ್ಟಿ, ನಾಗಸ್ವರ ವಿದ್ವಾಂಸರಾದ ತಂದೆಯ ಕೈಕೆಳಗೆ ಬೆಳೆದು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಿಂದ ಪಾಠವಾಗಿ, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಳಗಿದ ಮನುಷ್ಯ ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಿಲಾಯಿತಿ ವಾದ್ಯವನ್ನು ವರ್ಷಾನುಗಟ್ಟಲೆ ತಿದ್ದಿ ತೀಡಿ ಕಛೇರಿ ವೇದಿಕೆಗೆ ತಂದರು. ತ್ಯಾಗರಾಜರ ಕೃತಿಯನ್ನು ಅದರಲ್ಲಿ ನುಡಿಸಿದಾಗ ಸಾಹಿತ್ಯ ಕಿವಿಗೆ ಬೀಳುತ್ತಿತ್ತು. ಅಷ್ಟು ಮಾಡಿದವರನ್ನು ಮತ್ತೆ ಆ ವಾದ್ಯದ ಹಳೆಯ ಮನೆಗೇ ಕರೆದುಕೊಂಡು ಹೋಗಿ ಕೂರಿಸಿದಂತಾಯಿತು. ನನಗೆ ಬೇಸರವಾಯಿತು, ಅದಕ್ಕೆ ಬರೆದೆ.

ಉಡುಪಿ ಅತ್ತೆ: ಅಣ್ಣಾ, ಪೂರ್ತಿ ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ನಿನ್ನ ಬೇಸರ ನನಗೂ ಅರ್ಥವಾಗುತ್ತದೆ. ನನ್ನ ಹತ್ತಿರ ಹಾಡು ಕಲಿಯಲು ಬರುವ ಮಕ್ಕಳು ಇಂಥದ್ದನ್ನೇ ಮೊದಲು ಕೇಳಿದರೆ, ಸ್ವರವನ್ನು ಬರಿದಾಗಿ ನಿಲ್ಲಿಸಿಬಿಡುತ್ತಾರೆ ಎಂಬ ಭಯ ನನಗಿದೆ. ಸ್ವರವನ್ನು ತೂಗಿಸುವ, ಜಾರಿಸುವ ಗಮಕ ಬಿಟ್ಟರೆ ಕಲ್ಯಾಣಿ ರಾಗ ಬರಿಯ ಏಳು ಸ್ವರ.

ನಾನು: ಅತ್ತೆ, ನೀವು ಹೇಳಿದ ಕಲ್ಯಾಣಿಯಿಂದಲೇ ಹೊರಡುತ್ತೇನೆ. ದೊಡ್ಡಪ್ಪ, ಎದುರಾಡಿದೆ ಎಂದು ತಿಳಿಯಬೇಡಿ. ಆದರೆ ಈ ವಿಷಯದಲ್ಲಿ ಬಿಟ್ಟುಕೊಡಲಾರೆ.

ಗೋಪಾಲನಾಥರ ಕಛೇರಿಯಲ್ಲಿ ಸ್ಯಾಕ್ಸೊಫೋನ್ ಒಂದೇ ಇರುತ್ತಿತ್ತು. ಪಕ್ಕದಲ್ಲಿ ಪಿಟೀಲು, ಮೃದಂಗ, ಮೋರ್ಸಿಂಗ್. ಕೇಳುತ್ತ ಕೇಳುತ್ತ ನಮಗೆ ಅದು ನಾಗಸ್ವರವೇ ಆಗಿಬಿಡುತ್ತಿತ್ತು. ಎಷ್ಟು ಸಹಜವಾಗಿತ್ತೆಂದರೆ, ಆ ವಾದ್ಯದಲ್ಲಿ ಹಾಗೆ ನುಡಿಸುವುದು ಎಷ್ಟು ಕಷ್ಟ ಎಂಬುದೇ ಮರೆತುಹೋಗುತ್ತಿತ್ತು. ನಾಗಸ್ವರದಲ್ಲಿ ಬೆರಳೇ ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಬಹುದು, ಕಾಲು ಭಾಗ ತೆರೆಯಬಹುದು, ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಒಂದು ಕೀಲಿ, ಅದರ ತುದಿಯಲ್ಲಿ ರಂಧ್ರ ಮುಚ್ಚುವ ಗಾದಿ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಹಕ್ಕುಪತ್ರ ಪಡೆದ ವಾದ್ಯ ಅದು. ಅಂಥ ವಾದ್ಯದಲ್ಲಿ ಗಾಂಧಾರ ಸ್ವರವನ್ನು ತೂಗಾಡಿಸಬೇಕಾದರೆ ತುಟಿಯ ಬಿಗಿ, ದವಡೆಯ ಒತ್ತಡ, ಉಸಿರು, ಕೀಲಿಯನ್ನು ನಿಧಾನವಾಗಿ ಬಿಡುವ ಬೆರಳು ಇವು ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು.

ಈ ಆಲ್ಬಂನಲ್ಲಿ ಗೋಪಾಲನಾಥರ ಪಕ್ಕದಲ್ಲಿ ಇನ್ನೊಂದು ಆಲ್ಟೊ ಸ್ಯಾಕ್ಸೊಫೋನ್ ಇದೆ. ಅದೇ ಹಿತ್ತಾಳೆ, ಅದೇ ರೀಡು, ಅದೇ ಕೀಲಿಗಳು. ಇಡೀ ಆಲ್ಬಂನ ಬೆಲೆ ನನಗೆ ಇರುವುದು ಇಲ್ಲಿ. ರುದ್ರೇಶ್ ಒಂದು ಸ್ವರದಿಂದ ಇನ್ನೊಂದಕ್ಕೆ ಹೆಜ್ಜೆಯಿಟ್ಟು ಹೋಗುತ್ತಾರೆ, ಪ್ರತಿ ಹೆಜ್ಜೆಯೂ ಚೂಪು. ಗೋಪಾಲನಾಥರು ಅದೇ ದಾರಿಯಲ್ಲಿ ಹೊರಟರೆ ಸ್ವರಗಳ ನಡುವಿನ ಜಾಗವೇ ಹಾಡುತ್ತದೆ. ಒಬ್ಬರು ಮುಗಿಸಿ ಇನ್ನೊಬ್ಬರು ಎತ್ತಿಕೊಳ್ಳುವ ಆ ಕ್ಷಣವನ್ನು ಗಮನವಿಟ್ಟು ಕೇಳಿ. ಗೋಪಾಲನಾಥರು ಆ ಲೋಹಕ್ಕೆ ಏನು ಮಾಡಿದರು ಎನ್ನುವುದು ಅಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಅವರ ಬೇರೆ ಯಾವ ಧ್ವನಿಮುದ್ರಣದಲ್ಲೂ ನನಗೆ ತಿಳಿದಿಲ್ಲ.

ದೊಡ್ಡಪ್ಪ: ಬಂಗಾರ ಬಂಗಾರವೆಂದು ತಿಳಿಯಲು ಪಕ್ಕದಲ್ಲಿ ಹಿತ್ತಾಳೆ ಇಡಬೇಕೇ? ಅವರ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಗೊತ್ತಿತ್ತು.

ನಾನು: ಕುಳಿತವರಿಗೆ ಗೊತ್ತಿತ್ತು, ಒಪ್ಪುತ್ತೇನೆ. ಅವರು ತೀರಿಕೊಂಡ 2019ರ ಅಕ್ಟೋಬರ್ 11ರ ನಂತರ ಹಾಗೆ ಕುಳಿತು ಕೇಳುವ ಭಾಗ್ಯ ಯಾರಿಗೂ ಇಲ್ಲ. ತಂಗಿಯ ವಯಸ್ಸಿನವರಿಗೆ ಉಳಿದಿರುವುದು ಧ್ವನಿಮುದ್ರಣ ಮಾತ್ರ. ಇನ್ನು ಹಿತ್ತಾಳೆಯ ಮಾತು. ರುದ್ರೇಶ್ ಅವರನ್ನು ಹಾಗೆ ತೂಗುವುದು ನ್ಯಾಯವಲ್ಲ. ಅವರು ಕರ್ನಾಟಕ ಸಂಗೀತಗಾರರ ವೇಷ ಹಾಕಿಕೊಂಡು ಬಂದಿಲ್ಲ. ತಮ್ಮ ಜಾಝನ್ನೇ ಪೂರ್ತಿ ಬಲದಿಂದ ನುಡಿಸಿದ್ದಾರೆ. ಅವರೇನಾದರೂ ಅರೆಬರೆ ಗಮಕ ಹಾಕಲು ಹೋಗಿದ್ದರೆ ನಾನೇ ಈ ಆಲ್ಬಂ ಸೂಚಿಸುತ್ತಿರಲಿಲ್ಲ.

ಭಾವ: ರುದ್ರೇಶ್ ಮಹಾಂತಪ್ಪ ಎಂದರೆ ಹೆಸರು ನಮ್ಮ ಕಡೆಯದ್ದೇ ಅಲ್ಲವೇ?

ನಾನು: ಹೌದು ಭಾವ, ತಂದೆತಾಯಿ ಕರ್ನಾಟಕ ಮೂಲದವರು. ಅವರು ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ತರುಣನಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಒಂದು ಆಲ್ಬಂ ತಂದುಕೊಟ್ಟರಂತೆ, ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂದು. ನುಡಿಸಿದವರು ಗೋಪಾಲನಾಥರು. ರುದ್ರೇಶ್ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ತನ್ನ ಕೈಯಲ್ಲಿರುವ ವಾದ್ಯದಲ್ಲಿ ಇದೂ ಸಾಧ್ಯವೇ ಎಂದು ಬೆರಗಾಗಿ ವರ್ಷಗಳ ನಂತರ ಅವರನ್ನೇ ಹುಡುಕಿಕೊಂಡು ಬಂದು ಒಟ್ಟಿಗೆ ನುಡಿಸಿದರು. ಯಾರೋ ಒಬ್ಬರು ಇನ್ನೊಬ್ಬರ ಕೈಗೆ ಒಂದು ಆಲ್ಬಂ ಇಟ್ಟದ್ದರಿಂದ ‘ಕಿನ್ಸ್‌ಮೆನ್’ ಹುಟ್ಟಿತು. ನಾವು ಈ ಗುಂಪಿನಲ್ಲಿ ವಾರವಾರ ಮಾಡುತ್ತಿರುವುದೂ ಅದನ್ನೇ. ಅದಕ್ಕೇ ಎರಡನೆಯ ತುಣುಕಿನಲ್ಲಿ ನಿಲ್ಲಿಸಿದ್ದೇನೆ ಎಂದಾಗ ನನಗೆ ಅಷ್ಟು ಸಂಕಟವಾಯಿತು.

ದೊಡ್ಡಪ್ಪ: ಅವನ ಹುಡುಕಾಟದ ಮೇಲೆ ನನಗೆ ಗೌರವ ಉಂಟು. ಆದರೆ ಕೇಳುವವನಾಗಿ ನನಗೆ ಬೇಕಾದ್ದು ಬೇರೆ. ಕಛೇರಿಯೆಂದರೆ ವರ್ಣದಿಂದ ಶುರುವಾಗಿ, ಒಂದೆರಡು ಸಣ್ಣ ಕೃತಿ, ಆಮೇಲೆ ರಾಗವನ್ನು ಬಿಡಿಸುವ ವಿಸ್ತಾರವಾದ ಆಲಾಪನೆ, ನೆರವಲು, ಕಲ್ಪನಾಸ್ವರ, ಮೃದಂಗದ ತನಿ, ಕೊನೆಗೆ ದೇವರನಾಮ, ಮಂಗಳ. ಆ ಏರಿಳಿತದಲ್ಲಿ ಮನಸ್ಸು ಹದಕ್ಕೆ ಬರುತ್ತದೆ. ಇಲ್ಲಿ ಆಲಾಪನೆ ಕಣ್ಣು ಬಿಡುವಷ್ಟರಲ್ಲಿ ಮುಗಿಯುತ್ತದೆ.

ಹಾಗೂ ಬೇರೆಯವರೊಂದಿಗೆ ನುಡಿಸಿದ್ದೇ ಬೇಕೆಂದಿದ್ದರೆ ಇದು ಕೇಳಿ. [‘ಡ್ಯುಯೆಟ್’ ಸಿನಿಮಾದ ತುಣುಕು]

ಮಣಿಪಾಲದ ತಂಗಿ: ದೊಡ್ಡಪ್ಪ, ಇದು ಅರ್ಧ ನಿಮಿಷ ಕೂಡ ಇಲ್ಲ!

ನಾನು: 1994ರ ‘ಡ್ಯುಯೆಟ್’ ನನಗೂ ಪ್ರಿಯವೇ. ಎ.ಆರ್. ರೆಹಮಾನ್ ಅವರಿಂದಾಗಿ ತಮಿಳುನಾಡಿನ ಮನೆಮನೆಗೆ ಗೋಪಾಲನಾಥರ ನಾದ ತಲುಪಿತು. ಆದರೆ ಸಿನಿಮಾದಲ್ಲಿ ದೃಶ್ಯ ಎಷ್ಟು ಹೊತ್ತು ಇರುತ್ತದೋ ಅಷ್ಟೇ ಸಂಗೀತ. ಅಲ್ಲಿ ವಾದಕನಿಗೆ ಅಳತೆ ಹಾಕಿಕೊಟ್ಟಿರುತ್ತಾರೆ. ಅದೇ ವರ್ಷ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, ಅಲ್ಲಿ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಮತ್ತೆ ನೀವು ಹೇಳಿದ ‘ಹಳೆಯ ಮನೆ’ಗೆ ಅವರನ್ನು ಯಾರೂ ಕೈಹಿಡಿದು ಎಳೆದುಕೊಂಡು ಹೋಗಿಲ್ಲ ದೊಡ್ಡಪ್ಪ. 1980ರಷ್ಟು ಹಿಂದೆಯೇ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ ತಾವಾಗಿಯೇ ವೇದಿಕೆಯಲ್ಲಿ ಜೊತೆಗೂಡಿದ್ದರು. ಅಂದರೆ ಆ ಕಡೆಯ ಬಾಗಿಲನ್ನು ಅವರು ಯಾವತ್ತೂ ಮುಚ್ಚಿರಲಿಲ್ಲ. ಅರುವತ್ತರ ಹತ್ತಿರ ಬಂದ ವಿದ್ವಾಂಸರೊಬ್ಬರು ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಜೊತೆ ಕುಳಿತು ಹೊಸದಾಗಿ ಕಿವಿಗೊಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಉಡುಪಿ ಅತ್ತೆ: ತುಣುಕು ಕಳಿಸುವ ಚಾಳಿ ನಿಲ್ಲಬೇಕು, ಅಷ್ಟಂತೂ ನಾನು ಒಪ್ಪುತ್ತೇನೆ. ಕುಂದಾಪುರದ ಕಡೆ ನಾವು ಭಾಗವತ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಒಂದು ಬದಿ ಮುಗಿಯುವ ತನಕ ಯಾರೂ ಗುಂಡಿ ಒತ್ತುತ್ತಿರಲಿಲ್ಲ. ಪದ್ಯ ಎಲ್ಲಿಂದ ಎದ್ದು ಎಲ್ಲಿಗೆ ಏರುತ್ತದೆ ಎಂಬುದು ಮೈಗೆ ಹತ್ತುತ್ತಿತ್ತು. 1990ರಲ್ಲಿ ಅವರು ಅಪಘಾತದಲ್ಲಿ ಹೋದಾಗ ಇನ್ನೂ 31ರ ಪ್ರಾಯ. ಅವರನ್ನು ರಂಗಸ್ಥಳದಲ್ಲಿ ಕಾಣದವರು ಕೂಡ ಅವರ ಧಾಟಿಯನ್ನು ಗುರುತಿಸುತ್ತಾರೆಂದರೆ ಆ ಕ್ಯಾಸೆಟ್‌ಗಳೇ ಕಾರಣ. ಅಣ್ಣಾ, ನೀನೇ ಮನೆಗೆ ತರುತ್ತಿದ್ದೆ. ಈಗ ನೀನೇ ಅರ್ಧ ನಿಮಿಷದ್ದು ಕಳಿಸುವುದೇ?

ದೊಡ್ಡಪ್ಪ: ಆಯಿತು ಮಾರಾಯ್ತಿ, ರಾತ್ರಿ ಊಟದ ನಂತರ ಪೂರ್ತಿ ಕೇಳುತ್ತೇನೆ. ಅಭಿಪ್ರಾಯ ಬದಲಾಗುತ್ತದೆ ಎಂದು ಮಾತು ಕೊಡುವುದಿಲ್ಲ.

ಭಾವ: ನನ್ನ ವರದಿ. ಕೊಟ್ಟಾರ ಚೌಕಿಯಲ್ಲಿ ಬಸ್ಸು ನಿಂತದ್ದು ಒಳ್ಳೆಯದೇ ಆಯಿತು, ಇಲ್ಲವಾದರೆ ಇಷ್ಟು ಕೇಳಲು ಆಗುತ್ತಿರಲಿಲ್ಲ. ಶಾಸ್ತ್ರ ನನಗೆ ತಿಳಿಯದು. ದೊಡ್ಡ ತುಣುಕುಗಳ ನಡುವೆ ಒಬ್ಬೊಬ್ಬರೇ ಆಲಾಪ ಮಾಡುವ ಪುಟ್ಟ ಪುಟ್ಟ ಭಾಗಗಳಿವೆಯಲ್ಲ, ಅವು ನನಗೆ ತುಂಬ ಹಿಡಿಸಿದವು. ಯಾರು ಯಾರೆಂದು ಪರಿಚಯ ಮಾಡಿಕೊಂಡ ಹಾಗಿತ್ತು. ಅದರ ನಂತರ ಎಲ್ಲರೂ ಸೇರಿ ನುಡಿಸಿದಾಗ ಗೊಂದಲವೆನಿಸಲಿಲ್ಲ. ಮಾವ, ನೀವು ಎರಡನೆಯದರಲ್ಲೇ ನಿಲ್ಲಿಸಿದ್ದರಿಂದ ಅವು ನಿಮಗೆ ಸಿಗಲೇ ಇಲ್ಲ.

ನಾನು: ಭಾವ, ಕ್ರಮದಲ್ಲಿ ಕೇಳಿ ಎಂದು ನಾನು ಹೇಳಿದ್ದು ಇದಕ್ಕೇ.

ಮಣಿಪಾಲದ ತಂಗಿ: ಪೂರ್ತಿ ಮುಗಿಸಿದೆ. ಅಣ್ಣ, ಒಂದು ವಿಷಯದಲ್ಲಿ ನಾನು ದೊಡ್ಡಪ್ಪನ ಪರ. ವೇಗದ ಕಡೆಗಳಲ್ಲಿ ಡ್ರಮ್ಸ್ ಮೃದಂಗವನ್ನು ಮುಚ್ಚಿಹಾಕುತ್ತದೆ. ಬೆಳಿಗ್ಗೆ ಕುಣಿಯುವ ಹಾಗಾಗಿತ್ತು, ಎರಡನೆಯ ಸಲ ಮೃದಂಗದ ಬೆರಳನ್ನೇ ಹಿಂಬಾಲಿಸೋಣ ಎಂದರೆ ಕೈಗೆ ಸಿಗಲಿಲ್ಲ. ಆದರೆ ಕನ್ಯಾಕುಮಾರಿಯವರ ಪಿಟೀಲು! ಅದು ಬಂದ ಕೂಡಲೇ ಗದ್ದಲವೆಲ್ಲ ತಗ್ಗಿ ದಾರಿ ಬಿಟ್ಟುಕೊಟ್ಟಿತು.

ನಾನು: ಮೃದಂಗದ ವಿಷಯ ನಿಜ. ಅಷ್ಟರ ಮಟ್ಟಿಗೆ ಧ್ವನಿಮುದ್ರಣದಲ್ಲಿ ಕೊರತೆ ಇದೆ. ಕನ್ಯಾಕುಮಾರಿಯವರು ಗೋಪಾಲನಾಥರ ಜೊತೆ ವರ್ಷಗಟ್ಟಲೆ ನುಡಿಸಿದವರು, ಗೋಪಾಲನಾಥರ ಉಸಿರು ಎಲ್ಲಿ ಮುಗಿಯುತ್ತದೆ ಎಂದು ಇವರಿಗೆ ಗೊತ್ತು.

ಭಾನುವಾರ

ಉಡುಪಿ ಅತ್ತೆ: ಎಲ್ಲರೂ ಇದನ್ನು ಓದಿ. ಇವತ್ತು ಬೆಳಿಗ್ಗೆಯ ಪಾಠದಲ್ಲಿ ಮಕ್ಕಳಿಗೆ ಈ ಆಲ್ಬಂನಿಂದ ಇಬ್ಬರು ವಾದಕರ ಒಂದೊಂದು ಸಾಲನ್ನು ಕೇಳಿಸಿದೆ. ಯಾರದ್ದು, ಎಲ್ಲಿಯದ್ದು ಏನೂ ಹೇಳಲಿಲ್ಲ. ಕೇಳಿದ್ದನ್ನು ಹಾಡಿ ತೋರಿಸಿ ಎಂದೆ. ಗೋಪಾಲನಾಥರ ಸಾಲನ್ನು ಮಕ್ಕಳು ಸಲೀಸಾಗಿ ಎತ್ತಿಕೊಂಡರು. ರುದ್ರೇಶರದ್ದನ್ನು ಒಬ್ಬಳು ಹಾಡಲು ಹೊರಟಳು, ಎರಡನೆಯ ಸ್ವರಕ್ಕೇ ತಾನಾಗಿಯೇ ಗಮಕ ಸೇರಿಕೊಂಡಿತು. ಬೇಡ, ಅವರು ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸು ಎಂದರೆ ಮಗುವಿಗೆ ಆಗುತ್ತಲೇ ಇಲ್ಲ. ಕಣ್ಣು ಮುಚ್ಚಿ, ಕೈ ಬಿಗಿ ಹಿಡಿದು ಪ್ರಯತ್ನಿಸಿದಳು. ಕೊನೆಗೆ ಬಂತು, ಆದರೆ ಎಷ್ಟು ಶ್ರಮ ಬಿದ್ದು! ಶನಿವಾರ ನಾನು ಹೇಳಿದ ಭಯ ಇವತ್ತು ನನ್ನಲ್ಲಿ ಅಷ್ಟಾಗಿ ಉಳಿದಿಲ್ಲ. ಈ ಕಸರತ್ತನ್ನು ಮುಂದಿನ ಪಾಠದಲ್ಲೂ ಮಾಡಿಸುತ್ತೇನೆ.

ದೊಡ್ಡಪ್ಪ: ನೋಡಿದೆಯಾ, ನಮ್ಮ ಪಾಠ ಗಟ್ಟಿ ಇದ್ದರೆ ಗಮಕ ರಕ್ತದಲ್ಲೇ ಇರುತ್ತದೆ. ಬೆರಕೆ ಬೇಕಾಗಿಯೇ ಇಲ್ಲ.

ನಾನು: ರಕ್ತದಲ್ಲಿದೆ ಎಂದು ತೋರಿಸಿಕೊಟ್ಟದ್ದು ಯಾವುದು ದೊಡ್ಡಪ್ಪ? ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದ್ದರಿಂದಲ್ಲವೇ?

ದೊಡ್ಡಪ್ಪ: ರಾತ್ರಿ ಪೂರ್ತಿ ಕೇಳಿದೆ. ಬರೆಯುತ್ತಿದ್ದೇನೆ, ಸ್ವಲ್ಪ ತಾಳು.

ದೊಡ್ಡಪ್ಪ: ‘ಕಲ್ಯಾಣಿ’ ಎಂದು ಹೆಸರಿಟ್ಟ ತುಣುಕು ಒಪ್ಪಿಗೆಯಾಯಿತು. ಪ್ರತಿಮಧ್ಯಮವನ್ನು, ಅಂದರೆ ಮೇಲಿನ ‘ಮ’ ಸ್ವರವನ್ನು, ಪಂಚಮದ ಕಡೆಗೆ ಒರಗಿಸಿ ಹಿಡಿಯುವ ಅವರ ರೀತಿ ಅಲ್ಲೂ ಹಾಗೆಯೇ ಉಂಟು, ಯಾರಿಗಾಗಿಯೂ ಬದಲಾಯಿಸಿಕೊಂಡಿಲ್ಲ. ಅದನ್ನು ಕೇಳಿ ಸಮಾಧಾನವಾಯಿತು. ಪಿಟೀಲಿನ ಬಗ್ಗೆ ತಂಗಿ ಬರೆದದ್ದು ಸರಿ. ಡ್ರಮ್ಸ್ ಬಗ್ಗೆ ನನ್ನ ಅಭಿಪ್ರಾಯ ನಿನ್ನೆಯದ್ದೇ. ಒಟ್ಟಿನಲ್ಲಿ ಇದು ಅವರ ಮೊದಲ ಆಲ್ಬಂ ಆಗಿ ಯಾರ ಕೈಗೂ ಕೊಡುವಂಥದ್ದಲ್ಲ. ಅವರ ಕಛೇರಿಗಳನ್ನು ಚೆನ್ನಾಗಿ ಕೇಳಿದವನಿಗೆ ಆಮೇಲೆ ಕೊಡಬಹುದು.

ನಾನು: ನಾನು ಇದಕ್ಕೆ ಒಪ್ಪುವುದಿಲ್ಲ. ಜಾಝ್ ಕೇಳುವ ಹುಡುಗರಿಗೆ ಗೋಪಾಲನಾಥರ ಬಳಿ ಬರಲು ಇದೇ ಮೊದಲ ಮೆಟ್ಟಿಲು. ತಂಗಿಯನ್ನೇ ಕೇಳಿ.

ಮಣಿಪಾಲದ ತಂಗಿ: ನಾನು ನಿನ್ನೆ ರಾತ್ರಿಯೇ ಅವರ ಕಛೇರಿಗಳನ್ನು ಹುಡುಕಲು ಶುರು ಮಾಡಿದ್ದೇನೆ. ಎಲ್ಲಿಂದ ಆರಂಭಿಸಬೇಕೋ ತಿಳಿಯುತ್ತಿಲ್ಲ.

ದೊಡ್ಡಪ್ಪ: ಬರುವ ವಾರದ ಸರದಿ ಭಾವನದ್ದು ಎಂದು ಗೊತ್ತು. ಆದರೂ ನನಗೆ ಬಿಟ್ಟುಕೊಡಲಿ. ಗೋಪಾಲನಾಥರೂ ಕನ್ಯಾಕುಮಾರಿಯವರೂ ಸೇರಿ ನುಡಿಸಿದ ಒಂದು ಪೂರ್ಣ ಕಛೇರಿ ಹಾಕುತ್ತೇನೆ, ವರ್ಣದಿಂದ ಮಂಗಳದವರೆಗೆ. ಯಾರೂ ನಡುವೆ ಎದ್ದು ಹೋಗುವಂತಿಲ್ಲ.

ಭಾವ: ಬಿಟ್ಟುಕೊಟ್ಟೆ ಮಾವ. ಆದರೆ ಅಷ್ಟು ಉದ್ದದ್ದಕ್ಕೆ ಸುರತ್ಕಲ್ ಬಸ್ಸು ಸಾಲದು, ಒಂದು ದಿನ ಮೊದಲೇ ಹಾಕಿ.