ಸಹಾಯ ಬೇಕು: ಮುಂದಿನ ಹಲ್ಲಿನ ಇಂಪ್ಲಾಂಟ್‌ಗೆ ಟೈಟಾನಿಯಂ ಅಬಟ್‌ಮೆಂಟಾ, ಜಿರ್ಕೋನಿಯಾನಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮೇಲಿನ ಸಾಲಿನ ಮುಂದಿನ ಹಲ್ಲೊಂದಕ್ಕೆ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಿದ್ದೇವೆ. ಮೂಳೆಗೆ ಚೆನ್ನಾಗಿ ಕೂಡಿಕೊಂಡಿದೆ. ಇನ್ನು ಅಬಟ್‌ಮೆಂಟ್ (ಇಂಪ್ಲಾಂಟ್‌ಗೂ ಕ್ರೌನ್‌ಗೂ ನಡುವೆ ಜೋಡಿಸುವ ತುಂಡು), ಕ್ರೌನ್ (ಹೊರಗೆ ಕಾಣುವ ಕೃತಕ ಹಲ್ಲು) ಬಾಕಿ.

ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಪೂರ್ತಿ ಟೈಟಾನಿಯಂ ಅಬಟ್‌ಮೆಂಟ್ ಗಟ್ಟಿ, ಖರ್ಚೂ ಕಡಿಮೆ. ಆದರೆ ಅಮ್ಮನ ವಸಡು ತುಂಬಾ ತೆಳು, ಲೋಹದ ಬೂದು ಛಾಯೆ ಹೊರಗೆ ಕಾಣಬಹುದಂತೆ. ಇನ್ನೊಂದು, ಕೆಳಗೆ ಟೈಟಾನಿಯಂ ಬೇಸ್, ಮೇಲೆ ಜಿರ್ಕೋನಿಯಾ (ಬಿಳಿ ಬಣ್ಣದ ಗಟ್ಟಿ ಸೆರಾಮಿಕ್). ನನಗೆ ಇದೇ ಸರಿ ಅನ್ನಿಸುತ್ತಿದೆ.

ಆದರೆ ಅಮ್ಮ ರಾತ್ರಿ ಹಲ್ಲು ಕಡಿಯುತ್ತಾರೆ (ಕೇಳಿದರೆ ಒಪ್ಪುವುದಿಲ್ಲ ಬಿಡಿ!). ಕ್ರೌನ್ ಮೇಲೆ ಪಿಂಗಾಣಿ ಪದರ ಇದ್ದರೆ ಚಕ್ಕೆ ಏಳುವ ಭಯ ಜಾಸ್ತಿ ಅಲ್ವಾ? ಪದರವಿಲ್ಲದ ಪೂರ್ತಿ ಜಿರ್ಕೋನಿಯಾ ಆದರೆ ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದುತ್ತದಾ? ಕ್ರೌನ್ ಅಂಟಿಸುವ ಸಿಮೆಂಟ್ ವಸಡಿನೊಳಗೆ ಉಳಿದರೆ ತೊಂದರೆ, ಅದಕ್ಕೇ ಸ್ಕ್ರೂ ಹಾಕುವ ಕ್ರೌನನ್ನೇ ಕೇಳೋಣ ಅಂತಿದ್ದೇನೆ.

ಹೀಗೆ ಮಾಡಿಸಿಕೊಂಡವರು, ದಂತವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.